ಸಾಮಿಗಳಿಗೆಲ್ಲ ಮೈಕ್ ಕಟ್ಟಿದ ಮಾಮ

ಚಿನ್ನಮನೂರಿನ ದೇವರುಗಳಿಗೆಲ್ಲ ಗಂಟಲನ್ನು ಬಾಡಿಗೆಗೆ ಕೊಡುತ್ತಿದ್ದವರು ದೇವರನ್ನೇ ನಂಬದ ಒಬ್ಬರು. ಇದರಲ್ಲೇನೋ ವಿಚಿತ್ರವಿದೆ ಎಂದು ಊರಿನಲ್ಲಿ ಯಾರಿಗೂ ಅನಿಸಿರಲಿಲ್ಲ. ಆಡಿ ತಿಂಗಳಲ್ಲಿ, ಅಂದರೆ ಆಷಾಢದ ಸುಮಾರಿಗೆ, ಅಮ್ಮನ ಕೋವಿಲಿನ ಮುಂದೆ ಅಂಬಲಿ ಹುಯ್ಯುವ ದಿನವಾಗಲಿ, ಮಸೀದಿಯ ರಂಜಾನ್ ಭಾಷಣವಾಗಲಿ, ಚರ್ಚಿನ ಕ್ರಿಸ್‌ಮಸ್ ಹಾಡಾಗಲಿ, ದೇವರೇ ಇಲ್ಲವೆಂದು ಸಾರುವ ಕರಿ ಅಂಗಿಯವರ ಬೀದಿ ಸಭೆಯಾಗಲಿ, ಎಲ್ಲಕ್ಕೂ ಅವರದೇ ಆಂಪ್ಲಿಫೈಯರ್, ಅವರದೇ ವೈರು, ಅವರದೇ ಕೊಳಾಯಿ. ನಮ್ಮ ಕಡೆ ನೀರಿನ ನಲ್ಲಿಗೂ ಲೌಡ್‌ಸ್ಪೀಕರಿನ ತಗಡಿನ ಬಾಯಿಗೂ ಕೊಳಾಯಿ ಎಂದೇ ಹೆಸರು. ನೀರಿನ ಕೊಳಾಯಿ ಮೂರು ದಿನಕ್ಕೊಮ್ಮೆ ಬಾಯಿ ಬಿಟ್ಟರೆ ಹೆಚ್ಚು. ಇನ್ನೊಂದು ಬಾಯಿ ಮುಚ್ಚಿದ್ದನ್ನು ನಾನು ಕಂಡಿಲ್ಲ.

ಅವರ ಅಂಗಡಿಯ ಎದುರಿಗೆ ನನ್ನ ಮೆಡಿಕಲ್ ಶಾಪು. ಹದಿನೆಂಟು ವರ್ಷ ನಾನು ಈ ಕಡೆ ಮಾತ್ರೆ ಕತ್ತರಿಸಿ ಕೊಡುತ್ತ, ಅವರು ಆ ಕಡೆ ವೈರಿಗೆ ಬೆಸುಗೆ ಹಾಕುತ್ತ ಒಬ್ಬರನ್ನೊಬ್ಬರು ನೋಡಿಕೊಂಡು ಕಳೆದಿದ್ದೇವೆ. ವೇದಸಂದೂರಿನಿಂದ ಮದುವೆಯಾಗಿ ಬಂದ ನನಗೆ ಅವರು ಗಂಡನ ಕಡೆಯಿಂದ ದೂರದ ಮಾಮ, ಅವರ ಅಕ್ಕರೆಯ ಬಾಯಲ್ಲಿ ನಾನು 'ಕಣ್ಣು'. ಊರಿಗೆಲ್ಲ ಮೈಕ್ ಸೆಟ್ ಮಾಮ. ಕುಳ್ಳಗೆ, ಹೊಟ್ಟೆ ಸ್ವಲ್ಪ ಮುಂದೆ, ಜೇಬಿನಲ್ಲಿ ಪೆನ್ನಿನ ಬದಲು ಟೆಸ್ಟರ್. ಊರಿಗೆಲ್ಲ ಕೇಳಿಸಿ ಕೇಳಿಸಿ ಅವರ ಎಡಗಿವಿಯೇ ಮಂದವಾಗಿತ್ತು. ಬೇಡದವರು ಮಾತಾಡಿಸಿದರೆ ಆ ಕಿವಿಯನ್ನೇ ಅವರ ಕಡೆ ತಿರುಗಿಸಿ, ಬಹಳ ಶ್ರದ್ಧೆಯಿಂದ ತಲೆಯಾಡಿಸುತ್ತಿದ್ದರು.

ನಮ್ಮದು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಜನ. ಹಿರಿಯರು ಯಾವ ಕಾಲದಲ್ಲಿ, ಯಾಕೆ ಈ ಕಣಿವೆಗೆ ಇಳಿದರೋ, ಒಬ್ಬೊಬ್ಬ ಅಜ್ಜಿ ಒಂದೊಂದು ಕತೆ ಹೇಳುತ್ತಾಳೆ. ಬರುವ ದಾರಿಯಲ್ಲಿ ಹಕಾರ ಎಲ್ಲೋ ಬಿದ್ದುಹೋಯಿತು. ಅದನ್ನು ಹುಡುಕಲು ಯಾರೂ ವಾಪಸು ಹೋಗಲಿಲ್ಲ. ಬರೆಯುವ ಕನ್ನಡವನ್ನು ನಾನು ಕಲಿತದ್ದು ಮೈಸೂರಿನಲ್ಲಿ ಫಾರ್ಮಸಿ ಓದುವಾಗ. ಮಾಮನಿಗೆ ಅಕ್ಷರವೆಂದರೆ ತಮಿಳು, ಜಗಳವೆಂದರೆ ಕನ್ನಡ.

ಮೈಕ್ ಕಟ್ಟಿದ ಮೇಲೆ ಎಲ್ಲರೂ "ಹಲೋ, ಹಲೋ, ಮೈಕ್ ಟೆಸ್ಟಿಂಗ್" ಎನ್ನುತ್ತಾರಲ್ಲ, ಮಾಮ ಹಾಗನ್ನುತ್ತಿರಲಿಲ್ಲ. "ಕೇಳ್ತದಾ? ಅಕ್ಕಿ, ಬ್ಯಾಳೆ, ಉಪ್ಪು, ಉಣಸೆ" ಎನ್ನುತ್ತಿದ್ದರು. ಕೋವಿಲಾದರೂ ಅದೇ, ಮಸೀದಿಯಾದರೂ ಅದೇ. ಹೊಸದಾಗಿ ಬಂದಿದ್ದ ಇಮಾಮರು ಇದು ಹಿಂದೂಗಳ ಯಾವುದೋ ಮಂತ್ರವಿರಬೇಕೆಂದು ಮೊದಲು ಗಾಬರಿಯಾಗಿದ್ದರಂತೆ. ಊರಿನಲ್ಲಿ ನಮ್ಮವರನ್ನು ಬಿಟ್ಟು ಬೇರೆಯವರಿಗೆ ಈ ಮಾತು ತಿಳಿಯದು ಎಂಬ ಧೈರ್ಯದ ಮೇಲೆ ಅವರು ಒಮ್ಮೊಮ್ಮೆ ಕೊಳಾಯಿಯಲ್ಲೇ ಹೆಂಡತಿಗೆ ಸುದ್ದಿ ಕಳಿಸುವುದೂ ಇತ್ತು. ಒಂದು ಸಲ ಚರ್ಚಿನ ಗೋಪುರದ ಮೇಲಿಂದ ಊರಿಗೆ ಊರೇ ಕೇಳುವಂತೆ ಬಂತು: "ಏ, ಸಾರಿಗೆ ಉಣಸೆ ಜಾಸ್ತಿ ಬಿಡಬ್ಯಾಡ. ನಿನ್ನೆ ಅಲ್ಲು ಜುಂ ಅಂತು." ಫಾದರ್ ಕೈಮುಗಿದು ನಿಂತಿದ್ದರು. ನಮ್ಮ ಬೀದಿಯ ಹೆಂಗಸರೆಲ್ಲ ಸೆರಗನ್ನು ಬಾಯಿಗೆ ತುರುಕಿಕೊಂಡೆವು.

ಆ ಹೆಂಡತಿ, ನನಗೆ ಅತ್ತೆ, ಮಹಾ ದೈವಭಕ್ತೆ. ವಾರದಲ್ಲಿ ಉಪವಾಸವಿಲ್ಲದ ದಿನ ಯಾವುದೆಂದು ಲೆಕ್ಕ ಹಾಕಿಯೇ ಅವರ ಮನೆಗೆ ಊಟಕ್ಕೆ ಹೋಗಬೇಕಿತ್ತು. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಮಾಮ ಅವರನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಕೋವಿಲಿಗೆ ಕರೆದುಕೊಂಡು ಹೋಗಿ, ಹೊರಗೆ ಅವರ ಚಪ್ಪಲಿಯ ಪಕ್ಕ ಕೂತು ಪೇಪರ್ ಓದುತ್ತಿದ್ದರು. ಯಾರಾದರೂ ಕೆಣಕಿದರೆ, "ಚಪ್ಪಲಿ ಕಾಯಾಕೆ ನಂಬಿಕೆ ಬ್ಯಾಡ. ಎರಡು ಕಣ್ಣಿದ್ರೆ ಸಾಕು" ಎನ್ನುತ್ತಿದ್ದರು.

ದೇವರನ್ನು ನಂಬದವರ ಗುರುತಾಗಿ ಮಾಮ ವರ್ಷವಿಡೀ ಕರಿ ಅಂಗಿ ತೊಡುತ್ತಿದ್ದರು, ಎರಡು ತಿಂಗಳು ಬಿಟ್ಟು. ನಮ್ಮ ಕಣಿವೆ ಶಬರಿಮಲೆಗೆ ಹೋಗುವ ದಾರಿ. ಕಾರ್ತಿಕ ಬಂತೆಂದರೆ ರಸ್ತೆಯೆಲ್ಲ ಕರಿ ಬಟ್ಟೆಯ ಅಯ್ಯಪ್ಪ ಭಕ್ತರು. ಒಂದು ವರ್ಷ ಮಾಮ ಕರಿ ಅಂಗಿಯಲ್ಲೇ ಬೋಡಿಗೆ ಹೊರಟು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಆಂಧ್ರದ ಒಂದು ಗುಂಪು "ಸ್ವಾಮೀ" ಎಂದು ಕಾಲಿಗೆ ಬಿದ್ದು, ಕೈ ಹಿಡಿದು ಎಳೆದುಕೊಂಡು ಹೋಗಿ ಅನ್ನದಾನದ ಪಂಕ್ತಿಯಲ್ಲಿ ಕೂರಿಸಿತು. ಸಂಜೆ ನನ್ನ ಅಂಗಡಿಗೆ ಬಂದು ಅಜೀರ್ಣಕ್ಕೆ ಪುಡಿ ಕೇಳಿದರು.

"ಏಳಬಾರ್ದಿತ್ತಾ ಮಾಮ, ನಾನು ಆ ಸಾಮಿ ಅಲ್ಲ ಅಂತ?"

"ಏಳಾಕೆ ಬಾಯಿ ತೆಗದೆ, ಕಣ್ಣೂ. ಪೊಂಗಲ್ ಇಟ್ಟರು. ಮತ್ತೆ ತೆಗದೆ. ವಡೆ ಇಟ್ಟರು. ಅವರ ನಂಬಿಕೆ ರೊಂಬ ಗಟ್ಟಿ, ನನ್ನದು ಒಂಚೂರು ಸಡಿಲ ಆಯ್ತು."

ಮುಂದಿನ ವರ್ಷದಿಂದ ಕಾರ್ತಿಕ, ಮಾರ್ಗಳಿ ಎರಡು ತಿಂಗಳು ಊರೆಲ್ಲ ಕರಿ, ಮಾಮ ಒಬ್ಬರೇ ಬಿಳಿ.

ಬಾಡಿಗೆಗೆ ಬಂದವರಿಗೆಲ್ಲ ಅವರು ಒಂದು ಷರತ್ತು ಹೇಳುತ್ತಿದ್ದರು. "ನಿನ್ನ ಸಾಮಿನ ಎಷ್ಟು ಬೇಕಾದ್ರೂ ಒಗಳಿಕೋ. ಪಕ್ಕದವನ ಸಾಮಿನ ಬೈದ್ರೆ ಮಾತ್ರ ನನ್ನ ಆಂಪ್ಲಿಫೈಯರ್ ಸುಟ್ಟೋಯ್ತದೆ. ಅದರ ಗುಣ ಅಂಗೆ." ಅದು ಹಾಗೆಯೇ ಸುಟ್ಟೂ ಹೋಗುತ್ತಿತ್ತು. ಭಾಷಣಕಾರನ ದನಿ ಏರಿ, ಇನ್ನೇನು ಪಕ್ಕದ ಬೀದಿಯ ದೇವರ ಮಾನ ಹೋಗಬೇಕು, ಅಷ್ಟರಲ್ಲಿ ಕೊಳಾಯಿ ಕೊರ್ ಎಂದು ಸುಮ್ಮನಾಗುತ್ತಿತ್ತು. ಮಾಮ ಟೆಸ್ಟರ್ ಹಿಡಿದು ಬಹಳ ಬೇಸರದ ಮುಖ ಮಾಡಿಕೊಂಡು ಓಡಾಡುತ್ತಿದ್ದರು. ಒಂದು ಸಲ ಅವರ ಪ್ರಾಣಸ್ನೇಹಿತರೇ, ಕರಿ ಅಂಗಿಯವರ ಸಂಘದ ಮುಖಂಡರಾಗಿದ್ದ ನಿವೃತ್ತ ಲೆಕ್ಕದ ಮೇಷ್ಟ್ರು, ಬೀದಿ ಸಭೆಯಲ್ಲಿ ಅಮ್ಮನ ಹರಕೆಗೆ ಬೆಂಕಿಕೊಡ ಹೊರುವ ಹೆಂಗಸರನ್ನು ಹೀಯಾಳಿಸತೊಡಗಿದರು. ಕೊರ್. ಮೇಷ್ಟ್ರು ವೇದಿಕೆಯಿಂದ ಇಳಿದು ಬಂದು, "ನಮ್ಮದಕ್ಕೂ ಸುಡುತ್ತದೇನಯ್ಯಾ?" ಎಂದು ಕೇಳಿದರಂತೆ. "ಯಂತ್ರಕ್ಕೆ ಏನು ಗೊತ್ತು ಮೇಷ್ಟ್ರೇ, ನೀವು ಯಾರ ಕಡೆ ಅಂತ" ಎಂದರಂತೆ ಮಾಮ. ಆರು ತಿಂಗಳು ಇಬ್ಬರಿಗೂ ಮಾತಿರಲಿಲ್ಲ.

ಈ ಷರತ್ತಿನ ಬಗ್ಗೆ ಮಾಮನಿಗೆ ಒಳಗೊಳಗೇ ಜಂಬವಿತ್ತು. ಇಷ್ಟು ಜನ, ಇಷ್ಟು ದೇವರು, ಒಂದು ಫ್ಯೂಸಿನಿಂದ ಎಲ್ಲರನ್ನೂ ಸರಿತೂಗಿಸಿಬಿಟ್ಟಿದ್ದೇನೆ ಎಂದು ಅವರು ನಂಬಿದ್ದರು. ನಾನೂ ನಂಬಿದ್ದೆ.

ನಮ್ಮ ಬೀದಿಯ ಕೊನೆಯಲ್ಲಿ ಒಂದು ತಗಡಿನ ಶೆಡ್ಡು ಇದೆ. ಮೊದಲು ಅಲ್ಲಿ ಬಾಳೆಗೊನೆ ಹಣ್ಣಿಗೆ ಹಾಕುತ್ತಿದ್ದರು. ನಾಲ್ಕೈದು ವರ್ಷದ ಹಿಂದೆ ಅದರಲ್ಲಿ ಒಂದು ಚಿಕ್ಕ ಜೆಬಕೂಟ, ಅಂದರೆ ಪ್ರಾರ್ಥನಾಸಭೆ, ಶುರುವಾಯಿತು. ಅದರ ಪಾಸ್ಟರ್ ಒಬ್ಬ ಯುವಕ. ಮೊದಲು ಲಾರಿ ಮೆಕ್ಯಾನಿಕ್ ಆಗಿದ್ದು, ಉಗುರಿನ ಸಂದಿಯ ಗ್ರೀಸು ಇನ್ನೂ ಪೂರ್ತಿ ಹೋಗಿರಲಿಲ್ಲ. ದೇವರು ಕುಡಿತ ಬಿಡಿಸಿದ ಎಂದು ಹೇಳುವಾಗ ಅವನ ಕಣ್ಣಲ್ಲಿ ನಿಜವಾಗಿಯೂ ನೀರು ಬರುತ್ತಿತ್ತು. ಇಪ್ಪತ್ತು ಜನ ಸೇರಿದರೆ ಹೆಚ್ಚು. ಯಾರಿಗೂ ಅದರ ಮೇಲೆ ಸಿಟ್ಟಿರಲಿಲ್ಲ, ನಮ್ಮವಳೊಬ್ಬಳು ಅಲ್ಲಿಗೆ ಹೋಗತೊಡಗುವವರೆಗೆ.

ಅವಳು ದಿನಾ ಬಸ್ಸಿನಲ್ಲಿ ಬೋಡಿಗೆ ಹೋಗಿ ಏಲಕ್ಕಿ ಆಯುವ ಕೆಲಸ ಮಾಡುತ್ತಿದ್ದ ವಿಧವೆ. ಹತ್ತಿರ ಬಂದರೆ ಸೀರೆಯೇ ಏಲಕ್ಕಿ ಘಮಘಮ ಎನ್ನುತ್ತಿತ್ತು. ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಅವಳಿಗೆ ಒಬ್ಬಳೇ ಮಗಳು, ಹನ್ನೊಂದು ವರ್ಷದ ಕವಿತಾ. ಆ ವಯಸ್ಸಿಗೇ ಸಕ್ಕರೆ ಕಾಯಿಲೆ. ಇನ್ಸುಲಿನ್ ಇಲ್ಲದೆ ಎರಡು ದಿನ ಇರುವಂತಿಲ್ಲ. ಅವರ ಮನೆಯಲ್ಲಿ ಫ್ರಿಜ್ ಇಲ್ಲದ್ದರಿಂದ ಔಷಧಿಯ ಬಾಟಲಿ ನನ್ನ ಅಂಗಡಿಯಲ್ಲಿರುತ್ತಿತ್ತು. ಬೆಳಿಗ್ಗೆ ಸ್ಕೂಲಿಗೆ ಹೋಗುವಾಗ, ಸಂಜೆ ಬಂದಮೇಲೆ ಹುಡುಗಿ ತಾನೇ ಬಂದು ತೋಳು ಚಾಚುತ್ತಿದ್ದಳು. ಸೂಜಿಗೆ ಹೆದರುತ್ತಿರಲಿಲ್ಲ. "ಊಸಿ ಆಕುವಾಗ ನೀವು ಯಾಕೆ ಕಣ್ಣು ಮುಚ್ಚುತ್ತೀರಿ ಚಿಕ್ಕಮ್ಮ?" ಎಂದು ನನ್ನನ್ನೇ ಕೇಳುತ್ತಿದ್ದಳು.

ಅಕ್ಕ ಜೆಬಕೂಟಕ್ಕೆ ಹೋಗುವುದು ಗೊತ್ತಾದ ಮೇಲೆ ಬೀದಿಯ ದೊಡ್ಡವರು ಒಂದು ಕಾಗದ ಬರೆದು ಸಹಿ ಹಾಕಿದರು: ಆ ಮನೆಯ ಒಳ್ಳೇದು ಕೆಟ್ಟದ್ದಕ್ಕೆ ಯಾರೂ ಹೋಗಬಾರದು, ಜೆಬಕೂಟಕ್ಕೆ ಯಾರೂ ಏನೂ ಕೊಡಬಾರದು. ಎರಡನೆಯ ಸಹಿ ನನ್ನ ಮಾವನವರದು. ನಾನು ಚಹಾ ತಂದಿಟ್ಟು ಒಳಗೆ ಹೋದೆ.

ಆ ಕಾಗದ ಹಿಡಿದುಕೊಂಡು ಕೋವಿಲಿನ ಧರ್ಮಕರ್ತರು ಮಾಮನ ಅಂಗಡಿಗೆ ಬಂದರು. ಗೊಬ್ಬರದ ಅಂಗಡಿಯ ಯಜಮಾನರು, ನಮ್ಮವರೇ, ಗಟ್ಟಿ ದನಿಯವರು. ನಾನು ಎದುರಿನ ಕೌಂಟರಿನಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡೆ.

"ಆ ಶೆಡ್ಡಿಗೆ ಮೈಕ್ ಕೊಡ್ತಾ ಇದ್ದೀಯಂತೆ?"

ಮಾಮ ಎಡಗಿವಿ ತಿರುಗಿಸಿದರು. ಧರ್ಮಕರ್ತರು ಆ ಕಡೆಯಿಂದ ಈ ಕಡೆಗೆ ಸುತ್ತಿ ಬಂದು ಬಲಗಿವಿಗೆ ಕೂಗಿದರು.

"ಕೊಡ್ತಾ ಇದ್ದೀನಿ ಅಣ್ಣಾ. ಚಿಕ್ಕ ಬಾಕ್ಸು. ಬೀದಿಗೂ ಕೇಳಲ್ಲ."

"ಕೇಳ್ತದೋ ಇಲ್ವೋ ಅದಲ್ಲ ಮಾತು. ನಮ್ಮವಳನ್ನ ಎಳಕೊಂಡು ಓಗವ್ರೆ."

"ಎಳಕೊಂಡು ಓಗಿಲ್ಲ. ನಡಕೊಂಡೇ ಓದಳು. ನಾನೇ ನೋಡ್ದೆ."

"ಇವತ್ತು ಅವಳು, ನಾಳೆ ನಿನ್ನ ಎಂಡತಿ."

ಮಾಮ ಬೆಸುಗೆ ಕಡ್ಡಿ ಕೆಳಗಿಟ್ಟರು. "ಅಣ್ಣಾ, ನಲವತ್ತು ವರ್ಷದಿಂದ ಅವಳ ಜೊತೆ ಇದ್ದೀನಿ. ಸಾಮಿ ಇಲ್ಲ ಅಂತ ಒಂದು ದಿನ ಅವಳನ್ನ ಒಪ್ಪಿಸಾಕೆ ಆಗಲಿಲ್ಲ. ಅವನು ಒಂದು ಬಾಕ್ಸ್ ಇಟ್ಟುಕೊಂಡು ಬ್ಯಾರೆ ಸಾಮಿಗೆ ಒಪ್ಪಿಸ್ತಾನಾ? ಅಂಗೆ ಒಪ್ಪಿಸಿದ್ರೆ ಅವನ ಕಾಲಿಗೆ ನಾನೇ ಬೀಳ್ತೀನಿ."

ಆ ವರ್ಷ ಆಡಿ ತಿಂಗಳಲ್ಲಿ ಅಮ್ಮನ ಕೋವಿಲಿಗೆ ತೇನಿಯಿಂದ ಬೇರೆ ಮೈಕ್ ಸೆಟ್ ಬಂತು. ನಮ್ಮವರ ಮದುವೆಗಳಿಗೆ, ಕಿವಿ ಚುಚ್ಚುವ ಶುಭಕಾರ್ಯಗಳಿಗೆ ಮಾಮನನ್ನು ಕರೆಯುವುದು ನಿಂತಿತು. ಅವರು ಅಂಗಡಿಯಲ್ಲಿ ಕೂತು ಹಳೆಯ ರೇಡಿಯೋಗಳನ್ನು ಬಿಚ್ಚಿ ಮತ್ತೆ ಜೋಡಿಸುತ್ತಿದ್ದರು. ಶುಕ್ರವಾರ ಸಂಜೆ, ಭಾನುವಾರ ಬೆಳಿಗ್ಗೆ ಮಾತ್ರ ಬಾಕ್ಸನ್ನು ಮೊಪೆಡ್ಡಿಗೆ ಕಟ್ಟಿ ಶೆಡ್ಡಿಗೆ ಹೋಗುತ್ತಿದ್ದರು. "ಬೇಜಾರಾ ಮಾಮ?" ಎಂದು ಕೇಳಿದೆ. "ಒಂದೇ ಬೇಜಾರು ಕಣ್ಣೂ. ಆ ತೇನಿಯವನಿಗೆ ಬಾಸ್ ಎಷ್ಟಿಡಬೇಕು ಅಂತ ಗೊತ್ತಿಲ್ಲ. ಅಮ್ಮನ ಮ್ಯಾಲೆ ಆಡೋ ಪಾಟು ಎಮ್ಮೆ ಅರಚಿದಂಗೆ ಕೇಳ್ತದೆ. ಪಾಪ, ಅವಳಿಗೆ ಯಾಕೆ ಈ ಕಷ್ಟ" ಎಂದರು.

ಅದಾದ ಕೆಲವು ತಿಂಗಳಿಗೆ, ಒಂದು ಶುಕ್ರವಾರ ಸಂಜೆ ಕವಿತಾ ಊಸಿಗೆ ಬರಲಿಲ್ಲ. ಶನಿವಾರ ಬೆಳಿಗ್ಗೆಯೂ ಇಲ್ಲ, ಸಂಜೆಯೂ ಇಲ್ಲ. ಅಜ್ಜಿಯ ಊರಿಗೆ ಹೋಗಿರಬೇಕು ಎಂದುಕೊಂಡೆ. ಎಂದುಕೊಂಡೆ ಅಷ್ಟೆ. ಅವರ ಮನೆ ನನ್ನ ಅಂಗಡಿಯಿಂದ ನೂರು ಹೆಜ್ಜೆ. ಬಾಟಲಿ ನನ್ನ ಫ್ರಿಜ್ಜಿನಲ್ಲೇ ಇತ್ತು. ಮೊದಲಾದರೆ ಓಡಿಹೋಗಿ ಕೇಳುತ್ತಿದ್ದೆ. ಈಗ ಆ ಬಾಗಿಲಿಗೆ ಹೋದರೆ ಮಾವನವರಿಗೆ ಗೊತ್ತಾಗುತ್ತದೆ, ಮನೆಯಲ್ಲಿ ಮಾತು ಬೆಳೆಯುತ್ತದೆ. ನಾನು ಹೋಗಲಿಲ್ಲ.

ಭಾನುವಾರ ಬೆಳಿಗ್ಗೆ ಅಂಗಡಿ ತೆರೆಯುವಾಗ ಅಕ್ಕ ಮಗಳ ಕೈ ಹಿಡಿದು ಶೆಡ್ಡಿನ ಕಡೆ ಹೊರಟಿದ್ದಳು. ಹುಡುಗಿಗೆ ಹೊಸ ಫ್ರಾಕು. ನಡೆಯಲಾರದೆ ಅಮ್ಮನ ಸೊಂಟಕ್ಕೆ ಒರಗಿದ್ದಳು. ನಾನು ರಸ್ತೆ ದಾಟಿದೆ.

"ಅಕ್ಕಾ, ಊಸಿಗೆ ಯಾಕ ಬರಲಿಲ್ಲ?"

"ಇನ್ನ ಬ್ಯಾಡ ತಂಗಿ." ಅಕ್ಕನ ಮುಖದಲ್ಲಿ ನಾನು ಎಂದೂ ಕಾಣದ ಸಂತೋಷವಿತ್ತು. "ಶುಕ್ರವಾರ ಪಾಸ್ಟರ್ ತಲೆ ಮ್ಯಾಲೆ ಕೈಯಿಟ್ಟು ಜೆಬ ಮಾಡವ್ರೆ. ನಂಬಿಕೆ ಇದ್ರೆ ಊಸಿ ಯಾಕೆ ಅಂದವ್ರೆ. ಇವತ್ತು ಅವಳೇ ಮೈಕಲ್ಲಿ ಸಾಕ್ಷಿ ಏಳ್ಬೇಕು."

ಹುಡುಗಿಯ ಮುಖದ ಹತ್ತಿರ ಬಗ್ಗಿದೆ. ತುಟಿ ಒಣಗಿ ಬಿರಿದಿತ್ತು. ಉಸಿರು ಆಳವಾಗಿ, ಓಡಿ ಬಂದವರ ಹಾಗೆ. ಆ ಉಸಿರಿನಲ್ಲಿ ಕೊಳೆಯಲು ಶುರುವಾದ ಹಣ್ಣಿನ ವಾಸನೆ. ಅದು ಏನೆಂದು ನನಗೆ ಗೊತ್ತು.

"ಅಕ್ಕಾ, ಈಗಲೇ ಆಸ್ಪತ್ರೆಗೆ ಓಗಬೇಕು. ನಿಜ ಏಳ್ತಾ ಇದ್ದೀನಿ."

"ನಮ್ಮ ಮನೆ ವಾಸಲು ತುಳೀಬಾರ್ದು ಅಂತ ಸೈ ಆಕಿದವರ ಸೊಸೆ ಅಲ್ವಾ ನೀನು? ಇವತ್ತು ಏನು ಅಕ್ಕರೆ?" ಎಂದು ಹುಡುಗಿಯನ್ನು ಎತ್ತಿಕೊಂಡು ಬಿರಬಿರನೆ ಹೋದಳು.

ನಾನು ಹಿಂದೆಯೇ ಓಡಿದೆ. ಶೆಡ್ಡಿನ ಮೂಲೆಯಲ್ಲಿ ಮಾಮ ಆಂಪ್ಲಿಫೈಯರಿನ ಪಕ್ಕ ಸ್ಟೂಲಿನ ಮೇಲೆ ಕೂತಿದ್ದರು. ಬಲಗಿವಿಗೆ ಬಗ್ಗಿ ಹೇಳಿದೆ. ಅವರು ನನ್ನ ಮುಖ ನೋಡಲಿಲ್ಲ. ಎದುರಿನ ವೇದಿಕೆಯನ್ನೇ ನೋಡುತ್ತ, "ಶುಕ್ರವಾರ ಇಲ್ಲೇ ಕೂತಿದ್ದೆ ಕಣ್ಣೂ. ಅವನು ಅಂಗೆ ಏಳಿದ್ದು ನನ್ನ ಮೈಕಲ್ಲೇ. ಯಾರ ಸಾಮಿನೂ ಬೈಲಿಲ್ಲ ಅಲ್ವಾ, ಅವರ ನಂಬಿಕೆ ಅಂತ ಸುಮ್ಮನೆ ಕೂತೆ" ಎಂದರು.

ಪಾಸ್ಟರ್ ಕವಿತಾಳನ್ನು ವೇದಿಕೆಗೆ ಕರೆದು ಮೈಕನ್ನು ಅವಳ ಎತ್ತರಕ್ಕೆ ಇಳಿಸಿದ. ಹುಡುಗಿ ಅದರ ಕಂಬ ಹಿಡಿದುಕೊಂಡಳು. ಬಾಕ್ಸಿನಿಂದ ಮಾತು ಬರಲಿಲ್ಲ. ಅವಳ ಉಸಿರು ಬಂತು. ದೊಡ್ಡದಾಗಿ, ಶೆಡ್ಡು ತುಂಬ, ಒಂದರ ಹಿಂದೆ ಒಂದು.

ಮಾಮ ಎದ್ದು ನಿಂತು, ಎಲ್ಲರೂ ನೋಡುವಂತೆ ಪ್ಲಗ್ ಹಿಡಿದು ಕಿತ್ತರು.

ಕೂಟವೆಲ್ಲ ತಿರುಗಿತು. ಯಾರೋ, "ಸುಟ್ಟುಹೋಯಿತಾ ಅಣ್ಣಾ?" ಎಂದು ತಮಿಳಿನಲ್ಲಿ ಕೇಳಿದರು.

"ಸುಟ್ಟಿಲ್ಲ. ನಾನೇ ಕಿತ್ತೆ" ಎಂದರು ಮಾಮ ತಮಿಳಿನಲ್ಲೇ. "ಎರಡು ದಿನ ತಡವಾಗಿ ಕಿತ್ತೆ. ಮಗು ಸಾಯ್ತಾ ಇದೆ. ದಾರಿ ಬಿಡಿ."

ಗದ್ದಲವಾಯಿತು. "ನೀನೂ ಅವರ ಕಡೆಯವನೇ, ಇಷ್ಟು ದಿನ ನಾಟಕ ಆಡಿದೆ" ಎಂದು ಒಬ್ಬ ಅವರ ಅಂಗಿ ಹಿಡಿದ. ಪಾಸ್ಟರ್ ಬಿಳಿಚಿಕೊಂಡು, "ಅಣ್ಣಾ, ನೀವೂನಾ?" ಎಂದ. ಅಷ್ಟರಲ್ಲಿ ಹುಡುಗಿ ವಾಂತಿ ಮಾಡಿಕೊಂಡು ಕುಸಿದಳು. ಮಾಮ ಅಂಗಿ ಹಿಡಿದಿದ್ದವನನ್ನೂ ಸೇರಿಸಿಕೊಂಡೇ ಮುಂದೆ ನುಗ್ಗಿ ಅವಳನ್ನು ಎತ್ತಿಕೊಂಡರು. ಅರವತ್ತೈದು ದಾಟಿದ ಆ ಕುಳ್ಳ ಮನುಷ್ಯ ಅಷ್ಟು ಜೋರಾಗಿ ಓಡಿದ್ದನ್ನು ನಾನು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ರಸ್ತೆಯಲ್ಲಿ ಸಿಕ್ಕ ಆಟೋದಲ್ಲಿ ಮಾಮ, ನಾನು, ಮಡಿಲಲ್ಲಿ ಹುಡುಗಿ, ಅಳುವುದನ್ನೂ ಮರೆತ ಅಕ್ಕ. ಇಲ್ಲಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ ಆಂಬುಲೆನ್ಸಿನಲ್ಲಿ ತೇನಿಗೆ ಕಳಿಸಿದರು.

ತೇನಿಯ ದೊಡ್ಡಾಸ್ಪತ್ರೆಯ ವರಾಂಡದಲ್ಲಿ ಕೂತಿದ್ದಾಗ ಪಾಸ್ಟರ್ ಬೈಕಿನಲ್ಲಿ ಹಿಂದೆಯೇ ಬಂದ. ಬಾಗಿಲ ಹತ್ತಿರವೇ ನಿಂತ, ಒಳಗೆ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಅತ್ತೆಯೂ ಬಸ್ಸಿಳಿದು ಬಂದರು, ಮುಷ್ಟಿಯಲ್ಲಿ ಅಮ್ಮನ ಕೋವಿಲಿನ ಕುಂಕುಮದ ಪೊಟ್ಟಣ. ಪಾಸ್ಟರ್ ಮಾಮನ ಹತ್ತಿರ ಬಂದು, ಕಾಲಿನ ಹೆಬ್ಬೆರಳು ನೋಡುತ್ತ, "ಅಣ್ಣಾ, ಇಲ್ಲಿ ಜೆಬ ಮಾಡಬಹುದಾ?" ಎಂದು ಕೇಳಿದ. ಆಸ್ಪತ್ರೆ ಮಾಮನ ಸ್ವಂತದ್ದು ಎಂಬ ಹಾಗೆ.

"ಮಾಡಪ್ಪಾ" ಎಂದರು ಮಾಮ. "ಒಳಗೆ ಊಸಿ ಹಾಕ್ತಾ ಇದ್ದಾರೆ. ನೀನು ಇಲ್ಲಿ ಜೆಬ ಮಾಡು. ಇವಳು ಆ ಮೂಲೆಯಲ್ಲಿ ಕುಂಕುಮ ಹಿಡಿದುಕೊಂಡು ನಿಂತಿರಲಿ. ಎಲ್ಲಾ ಒಂದೇ ಟೈಮಲ್ಲಿ ನಡೀಲಿ. ಊಸಿ ಮಾತ್ರ ನಿಲ್ಲಬಾರದು."

ಮೂರನೆಯ ದಿನ ಕವಿತಾ ಎದ್ದು ಕೂತು ಇಡ್ಲಿ ಕೇಳಿದಳು.

ಸುದ್ದಿ ಊರಿಗೆ ಹಬ್ಬಿತು. ನಾಲ್ಕನೆಯ ದಿನ ಧರ್ಮಕರ್ತರು ಒಂದು ಜರಿ ಶಾಲು, ನಾಲ್ಕು ಜನ, ಒಂದು ಹೊಸ ಕಾಗದದ ಸಮೇತ ಮಾಮನ ಅಂಗಡಿಗೆ ಬಂದರು. ಕಾಗದದಲ್ಲಿ ಆ ಶೆಡ್ಡನ್ನು ಮುಚ್ಚಿಸಬೇಕೆಂದು ಕಲೆಕ್ಟರಿಗೆ ಮನವಿ. ಮೊದಲ ಸಹಿ ಮಾಮನದಾಗಬೇಕು.

"ನಿನ್ನ ಅರ್ಥ ಮಾಡಿಕೊಳ್ಳದೆ ಓದೆವು ತಂಬಿ. ಕಡೆಗೆ ನಮ್ಮವನು ನಮ್ಮವನೇ" ಎಂದು ಶಾಲು ಬಿಡಿಸಿದರು.

"ಇರಿ ಅಣ್ಣಾ. ಓದ ವರ್ಷಕ್ಕೆ ಮುಂಚಿನ ಆಡಿಯಲ್ಲಿ ನಮ್ಮ ಕೋವಿಲಲ್ಲಿ ಮೈ ಮ್ಯಾಲೆ ಸಾಮಿ ಬಂದವನು ಏನಂದ? ಮೈ ಮ್ಯಾಲೆ ಅಮ್ಮ ಎದ್ದ ಮಗುಗೆ ಮಾತ್ತಿರೆ ಕೊಟ್ರೆ ಅಮ್ಮ ಮುನೀತಾಳೆ, ಬೇವಿನೆಲೆ ಸಾಕು ಅಂದ. ಮೂಲೆಮನೆ ಕೂಸಿಗೆ ಜ್ವರ ನೆತ್ತಿಗೇರಿ ಒಂದು ವಾರ ಆಸ್ಪತ್ರೇಲಿ ಬಿದ್ದಿತ್ತು. ಆವಾಗ ಕೋವಿಲು ಮುಚ್ಚಾಕೆ ಯಾರು ಕಾಗದ ಬರೆದ್ರಿ?"

"ಅದೂ ಇದೂ ಒಂದಾ?"

"ಒಂದೇ ಅಣ್ಣಾ. ಎರಡೂ ಏಳಿದ್ದು ನನ್ನ ಮೈಕಲ್ಲಿ. ಎರಡು ಸಲವೂ ನಾನು ಪಕ್ಕದಲ್ಲೇ ಕೂತಿದ್ದೆ. ಶಾಲು ಬ್ಯಾಡ. ತಪ್ಪು ಮಾಡಿದವನಿಗೆ ಜರಿ ಚುಚ್ಚುತ್ತದೆ."

ಧರ್ಮಕರ್ತರು ಶಾಲನ್ನು ಮಡಿಸಲು ಬಾರದೆ ಮುದ್ದೆ ಮಾಡಿಕೊಂಡು ಹೋದರು.

ಮುಂದಿನ ಭಾನುವಾರ ಮಾಮ ಎಂದಿನಂತೆ ಬಾಕ್ಸನ್ನು ಮೊಪೆಡ್ಡಿಗೆ ಕಟ್ಟಿದರು. ನಾನು ಅಂಗಡಿ ಬಿಟ್ಟು ಜೊತೆಗೆ ಹೋದೆ. ಹೆದರಿಕೆಗಲ್ಲ, ಕುತೂಹಲಕ್ಕೆ. ಶೆಡ್ಡಿನಲ್ಲಿ ಏಳೆಂಟು ಜನ ಮಾತ್ರ ಇದ್ದರು. ಪಾಸ್ಟರ್ ಬಾಗಿಲಿಗೆ ಅಡ್ಡ ನಿಂತು, "ಬೇಡ ಅಣ್ಣಾ, ಇನ್ನು ಮೈಕ್ ಬೇಡ. ಬಾಯಲ್ಲೇ ಹೇಳ್ತೀನಿ" ಎಂದ.

"ತಪ್ಪು ಹೇಳಿದ್ದು ಮೈಕಲ್ಲಿ. ಸರಿ ಹೇಳೋದು ಬಾಯಲ್ಲಾ?" ಎಂದು ಮಾಮ ಅವನನ್ನು ಪಕ್ಕಕ್ಕೆ ಸರಿಸಿದರು. ಒಳಗಿಡುವ ಬಾಕ್ಸಿನ ಜೊತೆ ಒಂದು ದೊಡ್ಡ ಕೊಳಾಯಿಯನ್ನೂ ತಂದಿದ್ದರು. ಅದನ್ನು ಬೀದಿಯ ಕಡೆಗೆ ತಿರುಗಿಸಿ ಕಟ್ಟಿದರು. ಪಾಸ್ಟರ್ ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಆಮೇಲೆ ಹೇಳಿದ. ನನಗೆ ವೈದ್ಯ ಗೊತ್ತಿಲ್ಲ, ಆ ಮಾತು ದೇವರದ್ದಲ್ಲ, ನನ್ನ ಜಂಬದ್ದು, ಔಷಧಿ ತೆಗೆದುಕೊಳ್ಳಿ, ಊಸಿ ಹಾಕಿಸಿಕೊಳ್ಳಿ, ಆಮೇಲೆ ಬಂದು ನನ್ನ ಜೊತೆ ಜೆಬ ಮಾಡಿ. ಬೀದಿಯೆಲ್ಲ ಕೇಳಿತು. ಧರ್ಮಕರ್ತರ ಮನೆಯ ಕಿಟಕಿ ಮುಚ್ಚಿದ ಸದ್ದೂ ನಮಗೆ ಕೇಳಿತು.

ಅಂದಿನಿಂದ ಮಾಮನ ಷರತ್ತು ಎರಡಾಯಿತು. "ಪಕ್ಕದವನ ಸಾಮಿನ ಬೈಬ್ಯಾಡ. ಮೈಗೆ ಬಂದ ರೋಗದ ಬಗ್ಗೆ ಏನೂ ಏಳಬ್ಯಾಡ, ಎದುರಿಗೆ ಮೆಡಿಕಲ್ ಶಾಪ್ ಅದೆ." ಇದರಿಂದ ನನ್ನ ವ್ಯಾಪಾರಕ್ಕಾಗಿ ಮಾಮ ಪ್ರಚಾರ ಮಾಡುತ್ತಾರೆ ಎಂಬ ಪುಕಾರು ಹುಟ್ಟಿತು. ಅವರು ಅದನ್ನು ಅಲ್ಲಗಳೆಯಲೂ ಇಲ್ಲ.

ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅಕ್ಕ ಜೆಬಕೂಟ ಬಿಡಲಿಲ್ಲ. ಮಗಳ ಊಸಿಯನ್ನೂ ಮತ್ತೆ ತಪ್ಪಿಸಲಿಲ್ಲ. ಮಾಮನೊಂದಿಗೆ ಮಾತ್ರ ಮಾತು ಬಿಟ್ಟಳು. "ಮಗೀನ ಉಳಿಸಿದ್ರು, ಸರಿ. ನಾನೇ ಕೊಲ್ಲಾಕೆ ಓಗಿದ್ದೆ ಅಂತ ಅಷ್ಟು ಜನದ ಮುಂದೆ ತೋರಿಸಿದ್ರಲ್ಲ" ಎಂದು ನನ್ನ ಬಳಿ ಒಮ್ಮೆ ಹೇಳಿದಳು. ನಾನು ಅದನ್ನು ಮಾಮನಿಗೆ ಮುಟ್ಟಿಸಿದೆ. "ಅವಳ ಸಿಟ್ಟು ನ್ಯಾಯ. ಬಿಡು" ಎಂದರು. ಬೀದಿಯ ಆ ಮೊದಲ ಕಾಗದವನ್ನು ಯಾರೂ ಹರಿಯಲಿಲ್ಲ. ಆದರೆ ನಾನು ಅಕ್ಕನ ಮನೆಗೆ ಹೋಗಿ ಬರತೊಡಗಿದೆ. ಮಾವನವರು ಮೊದಲು ಕೂಗಾಡಿದರು. ಅವರ ಬಿಪಿ ಮಾತ್ರೆ ನನ್ನ ಕೈಯಲ್ಲೇ ಇರುವುದನ್ನು ನೆನಪಿಸಿಕೊಂಡು ಸುಮ್ಮನಾದರು.

ಹೋದ ಐಪ್ಪಸಿ ತಿಂಗಳಲ್ಲಿ, ದೀಪಾವಳಿಯ ಸುಮಾರಿಗೆ, ಮಧ್ಯಾಹ್ನ ಊಟ ಮುಗಿಸಿ ಅಂಗಡಿಯ ಕುರ್ಚಿಯಲ್ಲಿ ಕೂತ ಮಾಮ ಹಾ‌ಗೆಯೇ ಹೋಗಿಬಿಟ್ಟರು. ರೇಡಿಯೋ ಬಿಚ್ಚಿದ್ದು ಬಿಚ್ಚಿದ ಹಾಗೆಯೇ ಇತ್ತು.

ಸಂಜೆಯ ಹೊತ್ತಿಗೆ ಮನೆಯ ಮುಂದೆ ಎರಡು ಗುಂಪಾಗಿತ್ತು. ಲೆಕ್ಕದ ಮೇಷ್ಟ್ರು ಕರಿ ಅಂಗಿಯ ಹತ್ತು ಜನರೊಂದಿಗೆ ಬಂದು, ಶಾಸ್ತ್ರ ಗೀಸ್ತ್ರ ಏನೂ ಕೂಡದು, ಅದು ಅವರ ಕೊನೆಯ ಆಸೆ ಎಂದರು. ಧರ್ಮಕರ್ತರು ನಮ್ಮವರನ್ನು ಕಟ್ಟಿಕೊಂಡು ಬಂದು, ಇದ್ದಾಗ ಏನಾದರೂ ಅಂದುಕೊಂಡಿರಲಿ, ಹೋಗುವಾಗ ನಮ್ಮ ಪದ್ಧತಿಯಂತೆಯೇ ಹೋಗಬೇಕು ಎಂದರು. ದನಿ ಏರಿತು. ಒಬ್ಬರ ಕೈ ಇನ್ನೊಬ್ಬರ ಎದೆಗೆ ಬಂತು.

ಅತ್ತೆ ಹೊರಗೆ ಬಂದರು. ಅವರು ಅಷ್ಟು ಜನರ ಮುಂದೆ ಮಾತಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ನಲವತ್ತು ವರ್ಷ ಅವರನ್ನ ಕೈ ಮುಗಿ ಅಂತ ಕೇಳಲಿಲ್ಲ. ಈಗ ಕೈ ಎತ್ತಾಕೆ ಆಗಲ್ಲ ಅಂತ ಗೊತ್ತಾದ ಮ್ಯಾಲೆ ಮುಗಿಸಲಾ?" ಎಂದು ಧರ್ಮಕರ್ತರನ್ನು ಕೇಳಿದರು. ಅವರು ತಲೆ ತಗ್ಗಿಸಿದರು. ಮೇಷ್ಟ್ರು ಗೆದ್ದವರ ಹಾಗೆ ಮುಂದೆ ಬಂದರು. ಅತ್ತೆ ಅವರನ್ನೂ ಕೈಯೆತ್ತಿ ತಡೆದು, "ಒಂದು ಗಳಿಗೆ ಎಲ್ಲಾರೂ ಆಚೆ ಇರಿ. ನಾನು ಅವರ ಜೊತೆ ಮಾತಾಡಬೇಕು" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ನಾವೆಲ್ಲ ಹೊರಗೆ ನಿಂತೆವು. ಬಾಗಿಲ ಸಂದಿಯಿಂದ ತೆಳ್ಳಗೆ ಕರ್ಪೂರದ ವಾಸನೆ ಬಂತು. ಧರ್ಮಕರ್ತರು ಮೂಗರಳಿಸಿದರು. ಮೇಷ್ಟ್ರು ಆಕಾಶ ನೋಡಿದರು.

ಬಾಗಿಲು ತೆರೆದಾಗ ಮಾಮ ಹೊಸದಾಗಿ ಇಸ್ತ್ರಿ ಮಾಡಿದ ಕರಿ ಅಂಗಿಯಲ್ಲಿ, ಬರಿ ಹಣೆಯಲ್ಲಿ ಮಲಗಿದ್ದರು. ಅತ್ತೆ ಗೋಡೆಗೆ ಒರಗಿ ಕೂತಿದ್ದರು, ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು. ಮೇಷ್ಟ್ರು ಮಾಲೆ ಹಾಕಲು ಬಗ್ಗಿದವರು ಅರ್ಧಕ್ಕೇ ನಿಂತರು. ಕೇಳಿಸದ ಆ ಎಡಗಿವಿಯ ಹಿಂದೆ, ಕೂದಲಿನ ಅಂಚಿನಲ್ಲಿ, ಒಂದು ಬೆರಳಿನಷ್ಟು ವಿಭೂತಿ. ಮೇಷ್ಟ್ರು ಅದನ್ನು ನೋಡಿದರು. ಅವರು ನೋಡಿದ್ದನ್ನು ನಾನು ನೋಡಿದೆ. ಅವರು ಅತ್ತೆಯ ಕಡೆ ತಿರುಗಲಿಲ್ಲ. ಮಾಲೆಯನ್ನು ಹಾಕಿ, ಸೇವಂತಿಗೆಯ ಎರಡು ಎಸಳನ್ನು ಮೇಲಕ್ಕೆಳೆದು ಕಿವಿಯ ಹಿಂಭಾಗ ಮುಚ್ಚುವಂತೆ ಸರಿಮಾಡಿದರು.

"ಎಲ್ಲ ಸರಿಯಾಗಿದೆ" ಎಂದು ತಮ್ಮವರಿಗೆ ಹೇಳಿದರು. "ಎತ್ತಿ."